ದಾರ ಕಟ್ಟಿದ ಪುಟ

ಸೋಮವಾರ ಬೆಳಿಗ್ಗೆ ಸ್ನಾನ ಮಾಡಿ, ಚಹಾ ಕುಡಿದು ನಾನು ಕಂಪ್ಯೂಟರಿನ ಮುಂದೆ ಕೂರುತ್ತೇನೆ. ಪೂಜೆಗೆ ಕೂತಂತೆ ಕೂರುತ್ತೀ ಎಂದು ಯಜಮಾನರು ಹಂಗಿಸುತ್ತಾರೆ. ಪೂಜೆಯಾಗಿದ್ದರೆ ಕೊನೆಗೆ ಪ್ರಸಾದವಾದರೂ ಸಿಗುತ್ತಿತ್ತು. ಇಲ್ಲಿ ಸಿಗುವುದು ಕತ್ತುನೋವು, ಆಗೀಗ ನಾಲ್ಕು ಬೈಗುಳ.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಮೂರೂ ತಾಲ್ಲೂಕಿನ ಜನ ಸೇರಿ ನಡೆಸುವ ಒಂದು ಜಾಲತಾಣ ನಮ್ಮದು. ಊರು, ಕೆರೆ, ಬೆಳೆ, ಕಸುಬು, ಅಡುಗೆ, ಬಸ್ಸಿನ ವೇಳೆ, ಏನು ಬೇಕಾದರೂ ಯಾರು ಬೇಕಾದರೂ ಬರೆಯಬಹುದು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದಬಹುದು, ಅಳಿಸಲೂಬಹುದು. ರಾಣೆಬೆನ್ನೂರಿನ ಕಾಲೇಜೊಂದರ ಕಂಪ್ಯೂಟರ್ ಮಾಸ್ತರರು ಅದನ್ನು ಕಟ್ಟಿ, ಇನ್ನು ನೀವು ನೋಡಿಕೊಳ್ಳಿ ಎಂದು ನಮ್ಮ ಕೈಗೆ ಕೊಟ್ಟರು. ಮೊದಲ ಸಭೆ ಹಾವೇರಿಯಲ್ಲಿ ಸೇರಿತ್ತು. ನಾನು ಆಗಷ್ಟೇ ಗ್ರಂಥಾಲಯದ ನೌಕರಿಯಿಂದ ನಿವೃತ್ತಳಾಗಿದ್ದೆ. ಯಾರು ಏನು ಬರೆಯಬೇಕು ಎಂದು ಎಲ್ಲರೂ ಹುರುಪಿನಲ್ಲಿ ಮಾತಾಡುತ್ತಿದ್ದಾಗ ಬಾಯಿ ಮುಚ್ಚಿಕೊಂಡು ಇರುವುದು ಬಿಟ್ಟು ಕೇಳಿದೆ:

"ಎಲ್ಲಾರೂ ಬರೀತೀರಿ, ಖರೇ. ಕಸಾ ಹೊಡಿಯೋರು ಯಾರು?"

ಎಲ್ಲರೂ ನನ್ನ ಕಡೆ ತಿರುಗಿದರು. "ನೀವ ಹೊಡೀರಿ ಅಕ್ಕಾರ," ಎಂದರು. ಅಂದು ಹಿಡಿದ ಕಸಬರಿಗೆ ಇನ್ನೂ ಕೈಬಿಟ್ಟಿಲ್ಲ.

ಮೂರು ದಶಕ ಪುಸ್ತಕಗಳಿಗೆ ಮುದ್ರೆ ಒತ್ತಿದವಳು ನಾನು. ಪುಟದ ಮೂಲೆ ಮಡಚಿದವರನ್ನು, ಪೆನ್ನಿನಿಂದ ಗೆರೆ ಎಳೆದವರನ್ನು ಹೆಸರು ಹಿಡಿದು ಕರೆದು ಬೈದವಳು. ಅದೇ ಗತ್ತಿನಲ್ಲಿ ತಾಣಕ್ಕೆ ಬರುವವರು ಹೇಗೆ ನಡೆದುಕೊಳ್ಳಬೇಕು ಎಂಬ ಒಂದು ಪುಟ ಬರೆದೆ. ಕೇಳಿದ ಮಾತಾದರೆ ಯಾರಿಂದ ಕೇಳಿದ್ದು ಹೇಳಿ. ಬೇರೆಯವರ ಸಾಲನ್ನು ಅಳಿಸುವ ಮೊದಲು ಅವರನ್ನು ಕೇಳಿ. ತಿದ್ದಿದರೆ ಯಾಕೆ ತಿದ್ದಿದಿರಿ ಎಂದು ಒಂದು ಮಾತು ಬರೆದಿಡಿ. ಬರೆದು ಮುಗಿಸದವರ ಪುಟಕ್ಕೆ ಕೈ ಹಾಕಬೇಡಿ. ನಮ್ಮ ತಾಣದಲ್ಲಿ ಅತಿ ಕಡಿಮೆ ಜನ ಓದಿದ ಪುಟ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಲೆಕ್ಕ ನೋಡದೆ ಹೇಳಬಲ್ಲೆ.

ನಮ್ಮ ಜನಕ್ಕೆ ನಡವಳಿಕೆ ಗೊತ್ತಿಲ್ಲವೆಂದಲ್ಲ. ಅತಿಯಾಗಿ ಗೊತ್ತಿತ್ತು, ತೊಂದರೆ ಬಂದದ್ದೇ ಅಲ್ಲಿ. ಹಿರಿಯರು ಆಡಿದ ಮಾತನ್ನು ನಾಲ್ಕು ಜನರ ಎದುರಿಗೆ ತಪ್ಪು ಎನ್ನುವ ರೂಢಿ ನಮ್ಮ ಕಡೆ ಇಲ್ಲ. ಹೀಗಾಗಿ ಮೊದಲ ವರ್ಷ ಯಾರೂ ಯಾರದನ್ನೂ ಅಳಿಸಲಿಲ್ಲ, ಕೆಳಗೆ ಸೇರಿಸುತ್ತಾ ಹೋದರು. ಬ್ಯಾಡಗಿಯಿಂದ ಕಾಗಿನೆಲೆಗೆ ಹೋಗುವ ಬೆಳಗಿನ ಬಸ್ಸಿನ ಪುಟದಲ್ಲಿ ಒಬ್ಬರು ಏಳೂವರೆ ಎಂದು ಬರೆದರು. ಅದರ ಕೆಳಗೆ ಇನ್ನೊಬ್ಬರು, "ಹಿರಿಯರು ಹೇಳಿದ್ದು ಸರಿಯಾಗಿದೆ, ಆದರೆ ಈಗ ಎಂಟಕ್ಕೆ ಬರುತ್ತದೆ" ಎಂದರು. ಅದರ ಕೆಳಗೆ ಮತ್ತೊಬ್ಬರು, "ಇಬ್ಬರು ಹಿರಿಯರಿಗೂ ನಮಸ್ಕಾರ, ಎಂಟಕ್ಕೆ ಬರುವುದು ಬೇರೆ ಬಸ್ಸು" ಎಂದರು. ಕೊನೆಕೊನೆಗೆ ಆ ಪುಟದಲ್ಲಿ ಬಸ್ಸುಗಳಿಗಿಂತ ನಮಸ್ಕಾರಗಳೇ ಹೆಚ್ಚಾದವು. ಅದನ್ನು ಓದಿ ಯಾವ ಯಾತ್ರಿಕ ಬಸ್ಸು ಹಿಡಿದನೋ ದೇವರೇ ಬಲ್ಲ.

ಬ್ಯಾಡಗಿಯ ಒಬ್ಬ ಮೆಣಸಿನಕಾಯಿ ವ್ಯಾಪಾರಿ ಪ್ರತಿ ಪುಟದ ಕೊನೆಗೂ ತನ್ನ ಅಂಗಡಿಯ ವಿಳಾಸ ಹಾಕುತ್ತಿದ್ದ. ಕೆರೆಯ ಪುಟಕ್ಕೂ ಹಾಕಿದ, ಹೋಳಿಗೆಯ ಪುಟಕ್ಕೂ ಹಾಕಿದ. ಒಂಬತ್ತು ಸಲ ತೆಗೆದೆ. ಕೊನೆಗೆ ಫೋನ್ ಮಾಡಿ ಕೇಳಿದ, "ಅಲ್ರಿ ಬಾಯಾರ, ಅಂಗಡಿ ಇಟ್ಟಾವ ಬೋರ್ಡ್ ಹಚ್ಚಬಾರ್ದಂದ್ರ ಹೆಂಗ್ರಿ?"

"ಇದು ಪ್ಯಾಟಿ ಅಲ್ರಿ. ಎಲ್ಲಾರೂ ಕೂಡೂ ಪಡಸಾಲಿ."

"ಪಡಸಾಲ್ಯಾಗ ಕುಂತಾವ ತನ್ನ ಅಂಗಡಿ ಸುದ್ದಿ ಮಾತಾಡೂದಿಲ್ಲೇನ್ರಿ?"

ಮಾತಿನಲ್ಲಿ ಅವನೇ ಗೆದ್ದ. ನಾನು ಹತ್ತನೆಯ ಸಲ ತೆಗೆದೆ.

ಮೋಟೆಬೆನ್ನೂರಿನ ಪುಟದಲ್ಲಿ ಸ್ವಾತಂತ್ರ್ಯ ಹೋರಾಟದ ನೆನಪುಗಳನ್ನು ಬರೆಯತೊಡಗಿದರು. ಪ್ರತಿಯೊಬ್ಬರೂ ತಮ್ಮ ಅಜ್ಜನನ್ನು ತಂದು ಉಳಿದ ಅಜ್ಜಂದಿರ ಮೇಲೆ ಕೂರಿಸುತ್ತಿದ್ದರು. ಬೆಳಿಗ್ಗೆ ಮೇಲಿದ್ದ ಅಜ್ಜ ಸಂಜೆಗೆ ಕೆಳಗಿರುತ್ತಿದ್ದ. ನಿಮ್ಮ ಅಜ್ಜನ ಬಗ್ಗೆ ನೀವೇ ಬರೆಯಬೇಡಿ, ಬೇರೆಯವರು ಬರೆಯಲಿ ಎಂದು ನಿಯಮ ಮಾಡಿದೆ. ಒಂದೇ ವಾರದಲ್ಲಿ ಅವರವರೇ ಒಪ್ಪಂದ ಮಾಡಿಕೊಂಡು, ಇವರ ಅಜ್ಜನನ್ನು ಅವರು, ಅವರ ಅಜ್ಜನನ್ನು ಇವರು ಬರೆದುಬಿಟ್ಟರು. ಮೊದಲಿಗಿಂತ ಎರಡರಷ್ಟು ಹೊಗಳಿಕೆ ಬಂತು. ನಾನು ಕನ್ನಡಕ ತೆಗೆದಿಟ್ಟು ಎದ್ದು ಹೋದೆ.

ಇಷ್ಟರ ನಡುವೆ ಒಂದು ಅನುಕೂಲ ನಮ್ಮಲ್ಲಿತ್ತು. ಅರ್ಧ ಬರೆದವರು ತಮ್ಮ ಪುಟದ ನೆತ್ತಿಗೆ "ಬರವಣಿಗೆ ನಡೆದಿದೆ" ಎಂಬ ಹಳದಿ ಬೋರ್ಡು ಹಾಕಬಹುದು. ಬೋರ್ಡು ಇರುವಷ್ಟು ದಿನ ಬೇರೆಯವರು ಮುಟ್ಟುವಂತಿಲ್ಲ. ಆದರೆ ಕಾಗಿನೆಲೆಯ ಬಸ್ಸಿನ ಪುಟಕ್ಕೆ ಒಬ್ಬ ಮಹಾಶಯ ಈ ಬೋರ್ಡು ಹಾಕಿ, ಒಂದು ಸಾಲೂ ಬರೆಯದೆ ವರ್ಷವಿಡೀ ಮಲಗಿಬಿಟ್ಟ. ಯಾರೂ ತಿದ್ದುವಂತಿಲ್ಲ, ಅವನೂ ಬರೆಯುವುದಿಲ್ಲ. ನಾನು ಸಭೆಯಲ್ಲಿ ರೇಗಾಡಿ, ಬೋರ್ಡು ಏಳು ದಿನಕ್ಕೆ ತಾನಾಗಿ ಬಿದ್ದುಹೋಗುವಂತೆ ಮಾಡಿಸಿದೆ. ಬೇಕಾದವರು ಮತ್ತೆ ಹಾಕಿಕೊಳ್ಳಲಿ. ಎಲ್ಲರೂ ಚಪ್ಪಾಳೆ ಹೊಡೆದರು. ನನಗೂ ಹೆಮ್ಮೆಯಾಗಿತ್ತು, ಸುಳ್ಳೇಕೆ.

ಮರುವರ್ಷ ರಾಣೆಬೆನ್ನೂರಿನಲ್ಲಿ ಒಂದು ಮಹಿಳಾ ಸಂಘದವರಿಗೆ ಮಾಸ್ತರರು ತರಗತಿ ಇಟ್ಟರು. ಫೋನಿನಲ್ಲೇ ತಾಣಕ್ಕೆ ಬರೆಯುವುದು ಹೇಗೆ ಎಂದು ಅವರು ಕಲಿಸಿದರು, ನಡೆ-ನುಡಿ ಹೇಳಲು ನನ್ನನ್ನು ಕರೆದರು. ಎಲ್ಲ ಮುಗಿದು ಚುರುಮುರಿ ಹಂಚುತ್ತಿದ್ದಾಗ ಹಿಂದಿನ ಸಾಲಿನಿಂದ ಒಬ್ಬ ಹೆಣ್ಣುಮಗಳು ಎದ್ದು ಬಂದಳು. ನಲವತ್ತೈದರ ಆಸುಪಾಸು. ಬಿಸಿಲಿಗೆ ಕಂದಿದ ಮುಖ, ಬೆರಳ ತುದಿಗಳು ಹಸಿರು ಹತ್ತಿ ಕಪ್ಪಾಗಿದ್ದವು. ತಾನು ಹೊಲದಲ್ಲಿ ಕ್ರಾಸಿಂಗ್ ಕೆಲಸ ಮಾಡುವವಳು ಎಂದಳು.

ರಾಣೆಬೆನ್ನೂರಿನ ಸುತ್ತ ಈ ಮಾತು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಹೈಬ್ರಿಡ್ ಬೀಜ ಆಗುವುದು ಹೆಂಗಸರ ಬೆರಳಿನಲ್ಲಿ. ನಾಳೆ ಅರಳಲಿರುವ ಮೊಗ್ಗನ್ನು ಇವತ್ತು ಮಧ್ಯಾಹ್ನ ಹುಡುಕಿ, ಚಿಮಟದಿಂದ ಬಿಡಿಸಿ, ಒಳಗಿನ ಗಂಡು ಎಳೆಗಳನ್ನು ಕಿತ್ತು ತೆಗೆಯಬೇಕು. ಮರುದಿನ ಬೆಳಿಗ್ಗೆ ಬೇರೆ ಗಿಡದ ಗಂಡು ಹೂವಿನ ಪುಡಿಯನ್ನು ಅದಕ್ಕೆ ಮುಟ್ಟಿಸಬೇಕು. ಮೆಣಸಿನ ಹೂವೆಂದರೆ ಉಗುರಿನಷ್ಟು. ದಿನಕ್ಕೆ ಇಂಥವು ನೂರಾರು.

"ಅಕ್ಕಾರ, ನಮ್ಮ ಕೆಲಸದ್ದು ಬರೀಬೇಕಂತ ಮಾಡೇನಿ. ಆದ್ರ ನಂದು ಒಂದ ಹೊಡತಕ್ಕ ಮುಗಿಯೂದಲ್ಲರಿ. ದಿನಾ ಒಂದು ಸಾಲು, ಎರಡು ಸಾಲು. ಅರ್ಧಾ ಆದಾಗ ಯಾರರ ಅಳಿಸಿಬಿಟ್ರ?"

"ಅದಕ್ಕ ಬೋರ್ಡ್ ಐತೆಲ್ಲ," ಎಂದು ಆಕೆಯ ಫೋನಿನಲ್ಲೇ ಹಳದಿ ಬೋರ್ಡು ಹಾಕುವುದನ್ನು ತೋರಿಸಿದೆ. "ಇದು ಇದ್ರ ಯಾರೂ ಮುಟ್ಟಂಗಿಲ್ಲ. ನಾ ಖಾತ್ರಿ ಕೊಡ್ತೇನಿ."

ಏಳು ದಿನದ ಮಾತು ಹೇಳಲಿಲ್ಲ. ಮರೆತೆ ಅನ್ನುವುದಕ್ಕಿಂತ, ಹಾವೇರಿಯ ಬಸ್ಸಿಗೆ ಹೊತ್ತಾಗಿತ್ತು ಅನ್ನುವುದು ಹೆಚ್ಚು ಸರಿ. ಅಷ್ಟು ದೊಡ್ಡ ಮಾತು ಕೊಟ್ಟವಳು ಇಷ್ಟು ಚಿಕ್ಕದನ್ನು ಹೇಳಲು ಎರಡು ನಿಮಿಷ ನಿಲ್ಲಲಿಲ್ಲ.

ಆಕೆ ಬರೆಯತೊಡಗಿದಳು. ದಿನಕ್ಕೆ ಒಂದು ಸಾಲು, ಕೆಲವು ದಿನ ಅದೂ ಇಲ್ಲ. ಒಟ್ಟು ಒಂಬತ್ತು ಸಾಲು ಆಗಿದ್ದವು. ಆಮೇಲೆ ಕ್ರಾಸಿಂಗಿನ ತುಂಬು ಹಂಗಾಮು ಬಂತು. ಬೆಳಗ್ಗೆ ಬೆಳಕು ಹರಿಯುವಾಗ ಹೊಲಕ್ಕೆ ಹೋದವರು ಸಂಜೆ ಬಂದು ರೊಟ್ಟಿ ಬಡಿಯಬೇಕು. ಯಾವ ಕೆಲಸದ ಬಗ್ಗೆ ಬರೆಯುತ್ತಿದ್ದಳೋ ಆ ಕೆಲಸವೇ ಆಕೆಯನ್ನು ಬರೆಯಲು ಬಿಡಲಿಲ್ಲ. ಏಳು ದಿನ ಕಳೆಯಿತು, ಬೋರ್ಡು ತಾನಾಗಿ ಬಿತ್ತು.

ಅದೇ ದಿನಗಳಲ್ಲಿ ಹಾವೇರಿಯ ಒಬ್ಬ ನಿವೃತ್ತ ಕೃಷಿ ಅಧಿಕಾರಿಗಳು ಹೈಬ್ರಿಡ್ ಬೀಜದ ಬಗ್ಗೆ ಒಂದು ದೊಡ್ಡ ಪುಟ ಬರೆದರು. ಅಚ್ಚುಕಟ್ಟು ಎಂದರೆ ಅಚ್ಚುಕಟ್ಟು. ಮಣ್ಣು, ಹವೆ, ಹೂವಿನ ಭಾಗಗಳು, ಚಿತ್ರ ಎಲ್ಲವೂ ಇತ್ತು. ಸೋಮವಾರ ನಾನು ಕಸ ಹೊಡೆಯಲು ಕೂತೆ. ಒಂದೇ ವಿಷಯಕ್ಕೆ ಎರಡು ಪುಟ: ಒಂದು ತುಂಬಿದ ಪುಟ, ಇನ್ನೊಂದು ಒಂಬತ್ತು ಸಾಲಿನದು, ಬೋರ್ಡಿಲ್ಲದ್ದು. ಯಾರದು ಎಂದು ನೋಡಲಿಲ್ಲ. ಚಿಕ್ಕದರಿಂದ ಎರಡು ಸಾಲು ಎತ್ತಿ ದೊಡ್ಡದರ ಕೊನೆಗೆ ಹಾಕಿ, ಉಳಿದದ್ದನ್ನು ತೆಗೆದೆ. ಕಾರಣ ಬರೆಯುವ ಜಾಗದಲ್ಲಿ ಎರಡೇ ಪದ ಬರೆದೆ: "ಅಪೂರ್ಣ. ವಿಲೀನ." ಮುಂದಿನ ಪುಟಕ್ಕೆ ಹೋದೆ. ಆ ದಿನ ಇನ್ನೂ ಮೂವತ್ತು ಪುಟ ನೋಡುವುದಿತ್ತು, ಬೆನ್ನು ಹಿಡಿದುಕೊಂಡಿತ್ತು.

ಒಂದೂವರೆ ತಿಂಗಳ ಮೇಲೆ ಸಭೆ ಸೇರಿದಾಗ ಮಾಸ್ತರರು, ಆ ಸಂಘದ ಹೆಣ್ಣುಮಕ್ಕಳು ಬರೆಯುವುದು ನಿಲ್ಲಿಸಿದ್ದಾರೆ ಎಂದರು.

"ಯಾಕಂತ?"

"ಕ್ರಾಸಿಂಗಿನ ಪುಟಾ ಯಾರೋ ತೆಗೆದಾರಂತ. ಆಕಿ ಬಿಟ್ಲು, ಆಕಿನ್ನ ನೋಡಿ ಉಳಿದವ್ರೂ ಬಿಟ್ರು."

"ಯಾರವ್ರು ತೆಗೆದವ್ರು, ತಲಿ ಇಲ್ಲದವ್ರು?" ಎಂದು ಸಿಟ್ಟಿನಿಂದ ಅಲ್ಲೇ ಪುಟದ ಹಳೆಯ ದಾಖಲೆ ತೆರೆದೆ. ನಮ್ಮ ತಾಣದಲ್ಲಿ ಯಾರು ಯಾವಾಗ ಏನು ಮಾಡಿದರು ಎಂಬುದೆಲ್ಲ ಉಳಿಯುತ್ತದೆ. ತೆಗೆದವರ ಹೆಸರಿನ ಜಾಗದಲ್ಲಿ ನನ್ನ ಹೆಸರಿತ್ತು. ಪಕ್ಕದಲ್ಲಿ ನನ್ನವೇ ಎರಡು ಪದಗಳು. ಮಾಸ್ತರರು ಒಳ್ಳೆಯವರು, ಕಿಟಕಿಯಿಂದ ಹೊರಗೆ ನೋಡುತ್ತಾ ನಿಂತರು.

ಮನೆಗೆ ಬಂದು ಆ ಒಂಬತ್ತು ಸಾಲುಗಳನ್ನು ಮೊದಲ ಸಲ ಸರಿಯಾಗಿ ಓದಿದೆ. ಇಷ್ಟು ದಿನ ನಾನು ಓದಿರಲೇ ಇಲ್ಲ, ಬರೀ ಎಣಿಸಿದ್ದೆ. ಒಂದು ಸಾಲು ಹೀಗಿತ್ತು: "ನಾಳೆ ಬಾಯಿ ಬಿಡುವ ಮೊಗ್ಗು ಬೆಳ್ಳಗೆ ಉಬ್ಬಿರುತ್ತದೆ, ನಾಡಿದ್ದಿನದು ಹಸರ ಇರುತ್ತದೆ, ಅವಸರ ಮಾಡಿದವಳು ನಾಡಿದ್ದಿನದನ್ನು ಕೆಡಿಸುತ್ತಾಳೆ." ಇನ್ನೊಂದು: "ನಲವತ್ತು ದಾಟಿದ ಮೇಲೆ ಮೊಗ್ಗಿನ ಒಳಗಿನ ಎಳೆ ಕಾಣುವುದಿಲ್ಲ, ಆವಾಗ ಬಾಜೂ ಸಾಲಿನವಳು ನೋಡಿ ಹೇಳುತ್ತಾಳೆ, ಮಾಲಕರಿಗೆ ಹೇಳುವುದಿಲ್ಲ." ಮತ್ತೊಂದು: "ಕ್ರಾಸಿಂಗ್ ಮಾಡುವಾಗ ಸೆರಗು ಬಿಗಿ ಕಟ್ಟಬೇಕು, ಸೆರಗು ತಾಗಿದರೆ ಹೂ ಉದುರುತ್ತದೆ."

ಅಧಿಕಾರಿಗಳ ಪುಟವನ್ನೂ ಮತ್ತೆ ಓದಿದೆ. ಅದರಲ್ಲಿ ಹೂವಿತ್ತು, ಪುಡಿಯಿತ್ತು, ಚಿಮಟವಿತ್ತು. ಹೆಂಗಸರು ಎಲ್ಲೂ ಇರಲಿಲ್ಲ. ಚಿಮಟ ತಾನೇ ಹೊಲಕ್ಕೆ ಹೋಗಿ ಕೆಲಸ ಮಾಡಿ ಬಂದಂತಿತ್ತು. ನನಗೆ ನಾಚಿಕೆಯಾಯಿತು.

ಒಂಬತ್ತು ಸಾಲುಗಳನ್ನು ಇದ್ದ ಹಾಗೇ ತಿರುಗಿ ಇಟ್ಟು, ಪುಟದ ಕೆಳಗೆ ತಪ್ಪೊಪ್ಪಿಗೆ ಬರೆದೆ. ಒಂದು ವಾರ ಕಾದೆ. ಆಕೆ ನೋಡಿದ ಸುಳಿವೇ ಇಲ್ಲ. ಯಜಮಾನರು ಪೇಪರಿನ ಹಿಂದಿನಿಂದಲೇ ಹೇಳಿದರು, "ಮಾತು ಕೊಟ್ಟಾಗ ಎದುರಿಗೆ ನಿಂತು ಕೊಟ್ಟಿ. ತಪ್ಪಾತು ಅನ್ನೂದು ಪುಟದಾಗೇನ? ಊರಿಗೆ ಹೋಗಿ ಬಾ."

ರಾಣೆಬೆನ್ನೂರಿನ ಬಸ್ ನಿಲ್ದಾಣದಲ್ಲಿ ಒಂದು ಡಜನ್ ಬಾಳೆಹಣ್ಣು ಕೊಂಡು ಇನ್ನೊಂದು ಬಸ್ಸು ಹತ್ತಿದೆ. ಇಳಿದು ಒಂದು ಮೈಲಿ ನಡೆದೆ. ಮನೆಯಲ್ಲಿ ಬೀಗ, ಪಕ್ಕದವರು ಹೊಲದ ದಾರಿ ತೋರಿಸಿದರು. ಮೊಣಕಾಲು ಬೈಯುತ್ತಿತ್ತು, ಬಿಸಿಲು ಬೈಯುತ್ತಿತ್ತು, ಈ ವಯಸ್ಸಿನಲ್ಲಿ ನಿನಗೆ ಈ ಉಸಾಬರಿ ಬೇಕಿತ್ತೇ ಎಂದು ನಾನೂ ಬೈದುಕೊಳ್ಳುತ್ತಿದ್ದೆ. ಹೊಲ ಮುಟ್ಟಿದಾಗ ಎಂಟು-ಹತ್ತು ಹೆಂಗಸರು ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚುತ್ತಿದ್ದರು.

ಆಕೆ ನನ್ನನ್ನು ನೋಡಿ ಎದ್ದು ನಿಂತಳು. "ಬರ್ರಿ ಅಕ್ಕಾರ, ಕುಂದ್ರಿ. ಬಿಸಲಾಗ ಯಾಕ ಬರಾಕ ಹೋಗಿದ್ರಿ?" ಎಂದು ಚೀಲ ಹಾಸಿ, ತಂಬಿಗೆಯಲ್ಲಿ ನೀರು ಕೊಟ್ಟಳು. ಬೈದಿದ್ದರೆ ಚೆನ್ನಾಗಿತ್ತು. ಇಷ್ಟು ಮರ್ಯಾದೆ ಮಾಡಿದರೆ ತಪ್ಪು ಮಾಡಿದವರು ಎಲ್ಲಿಂದ ಶುರು ಮಾಡಬೇಕು?

ಉಳಿದವರಲ್ಲಿ ವಯಸ್ಸಾದ ಒಬ್ಬಾಕೆ ಕೇಳಿದಳು, "ಯಾರಬೇ ಇವ್ರು?"

"ಆ ಪುಟದ ಬಾಯಾರು."

"ಓ, ಅಳಸೂ ಬಾಯಾರು!" ಎಂದಳು ಆ ಮುದುಕಿ. ಕೆಲವರು ಸೆರಗಿನಲ್ಲಿ ನಕ್ಕರು. ನಗಬೇಕಾದದ್ದೇ. ನನಗೆ ಬಂದ ಹೆಸರು ಸರಿಯಾಗಿಯೇ ಇತ್ತು.

ನಾನು ಎಲ್ಲರ ಎದುರಿಗೇ ಹೇಳಿದೆ. ಪುಟ ತೆಗೆದವಳು ನಾನೇ. ಯಾರದೆಂದು ನೋಡದೆ ತೆಗೆದೆ, ಓದದೆ ತೆಗೆದೆ. ತಪ್ಪಾಯಿತು. ಈಗ ಎಲ್ಲ ಮೊದಲಿನ ಹಾಗೇ ಇಟ್ಟಿದ್ದೇನೆ. ಫೋನಿನಲ್ಲಿ ಪುಟ ತೆಗೆದು ತೋರಿಸಿದೆ. ಬಿಸಿಲಿಗೆ ಪರದೆ ಕಾಣದೆ ಸೆರಗು ಮರೆಮಾಡಿ ಹಿಡಿದೆ. ಆಕೆ ಬಗ್ಗಿ ನೋಡಿ, "ಇರ್ಲಿ ಬಿಡ್ರಿ," ಎಂದಳು. "ಸಾಹೇಬ್ರು ಚಂದ ಬರದಾರಲ್ರಿ."

ಮುದುಕಿ ಬಿಡಲಿಲ್ಲ. "ಏನ್ ಇರ್ಲಿ ಬಿಡೂದು? ದಿನಾ ಬುತ್ತಿ ಉಣ್ಣುವಾಗ ನಮಗೆಲ್ಲಾ ಓದಿ ಹೇಳ್ತಿದ್ಲರಿ ಇಕಿ. ಇದೇನು ಕಲಿಯೂ ಕೆಲಸಾ, ಯಾರ್ ಬೇಕಾದ್ರೂ ಮಾಡ್ತಾರ ಅಂತ ಮಾಲಕ ಅಂದಾಗ, ನಮ್ಮ ಕೆಲಸದ್ದು ಬರದಿದ್ದು ಐತ್ರಿ, ತೋರಸ್ತೇನಿ ಅಂದ್ಲು. ತೆಗೆದು ತೋರಸಾಕ ಹೋದ್ರ ಅಲ್ಲೇನೈತಿ? ಬಯಲು. ಮಾಲಕ ನಕ್ಕು ಹೋದ. ಆವಾಗಿಂದ ಇಕಿ ಫೋನ್ ತೆಗಿಯೂದ ಬಿಟ್ಟಾಳ."

ಆಕೆ ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತಿದ್ದಳು. ನನ್ನ ಕೈಗೂ ಒಂದು ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಇಟ್ಟಳು. ಬಾಳೆಹಣ್ಣಿನ ಚೀಲ ಪಕ್ಕದಲ್ಲಿ ಬಿದ್ದಿತ್ತು, ಕೊಡಲು ಸಂಕೋಚವಾಯಿತು. ಊಟವಾದ ಮೇಲೆ ಆಕೆ, "ಬರ್ರಿ, ಬಂದೀರಿ ಅಂದಮ್ಯಾಲ ಕೆಲಸರ ನೋಡ್ರಿ," ಎಂದು ಸಾಲಿನ ನಡುವೆ ಕರೆದೊಯ್ದಳು.

ಮೆಣಸಿನ ಗಿಡಗಳ ತುಂಬ ಬಣ್ಣಬಣ್ಣದ ದಾರದ ತುಣುಕುಗಳು. ಆಕೆ ಒಂದು ಮೊಗ್ಗನ್ನು ಬಿಡಿಸಿ, ಎಳೆಗಳನ್ನು ಕಿತ್ತು, ಅದರ ತೊಟ್ಟಿಗೆ ನೀಲಿ ದಾರ ಸುತ್ತಿದಳು. ನಾನು ಕಣ್ಣು ಕಿರಿದು ಮಾಡಿ ನೋಡಿದರೂ ಏನು ಕಿತ್ತಳೆಂದು ಕಾಣಲಿಲ್ಲ.

"ನಂದು ನೀಲಿ. ಅಲ್ಲಿ ಕುಂತಿದ್ಲಲ್ರಿ, ಆ ಮುದುಕಿದು ಕೆಂಪು. ಒಬ್ಬೊಬ್ಬರದೊಂದು ಬಣ್ಣಾರಿ. ಒಬ್ಬಾಕಿ ದಾರಾ ಕಟ್ಟಿದ ಮೊಗ್ಗಿಗೆ ಇನ್ನೊಬ್ಬಾಕಿ ಕೈ ಹಚ್ಚೂದಿಲ್ಲ."

"ಕೆಟ್ಟಿದ್ರ?"

"ಕೆಟ್ಟಿದ್ರೂ ಇಲ್ರಿ. ಕರೀತೇವಿ, ನಿಂದೊಂದು ಹೂ ನೋಡು ಬಾ ಅಂತೇವಿ. ಆಕಿ ಬಂದು ತಾನ ಸರಿ ಮಾಡ್ತಾಳ."

"ಆಕಿ ಜಡ್ಡು ಬಿದ್ದು ಬರಲಿಲ್ಲಂದ್ರ?"

"ದಾರಾ ಎಲ್ಲಿ ಹೊಕ್ಕೈತ್ರಿ? ಕಟ್ಟಿದ್ದು ಇರ್ತೈತಿ."

ನನ್ನ ಗ್ರಂಥಾಲಯದ ಅಷ್ಟೂ ವರ್ಷ, ನನ್ನ ನಿಯಮದ ಪುಟ, ಎಲ್ಲವೂ ಆ ಒಂದು ಮಾತಿನ ಮುಂದೆ ಸಣ್ಣವಾದವು. ನಾನು ಬೋರ್ಡಿನ ಏಳು ದಿನದ ವಿಚಾರ ವಿವರಿಸತೊಡಗಿದೆ. ಕಾಗಿನೆಲೆಯ ಬಸ್ಸಿನ ಕಥೆ, ಸಭೆಯ ತೀರ್ಮಾನ, ತಾನಾಗಿ ಬೀಳುವುದು, ಎಲ್ಲ. ಆಕೆ ಪೂರ್ತಿ ಕೇಳಿಸಿಕೊಂಡಳು. ಕೈ ಮಾತ್ರ ನಿಲ್ಲಲಿಲ್ಲ, ಇನ್ನೊಂದು ಮೊಗ್ಗು ಹುಡುಕಿತ್ತು.

"ಹಂಗಂತ ನೀವು ಹೇಳಿದ್ದಿಲ್ರಿ," ಎಂದಳು.

ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿ ನಾನು ಹೇಳಿರಲಿಲ್ಲ. ಖಾತ್ರಿ ಕೊಡುತ್ತೇನೆ ಎಂದಷ್ಟೇ ಹೇಳಿದ್ದೆ.

ಹೊರಡುವಾಗ ಮತ್ತೆ ಬರೆಯಬೇಕು ಎಂದು ಕೇಳಿಕೊಂಡೆ. "ನೋಡೂಣ್ರಿ ಅಕ್ಕಾರ," ಎಂದಳು. ನಮ್ಮ ಕಡೆ ಹುಟ್ಟಿದವರಿಗೆ ಈ "ನೋಡೂಣ್ರಿ"ಯ ಅರ್ಥ ಹೇಳಬೇಕಿಲ್ಲ. ಬೇಡ ಎಂದು ಮುಖಕ್ಕೆ ಹೇಳಿ ಮನೆಗೆ ಬಂದವರನ್ನು ನೋಯಿಸಬಾರದಲ್ಲ, ಅದಕ್ಕೆ ಆ ಮಾತು. ಬಸ್ಸಿನಲ್ಲಿ ಕೂತ ಮೇಲೆ ನೋಡಿದರೆ ಬಾಳೆಹಣ್ಣಿನ ಚೀಲ ನನ್ನ ಮಡಿಲಲ್ಲೇ ಇತ್ತು. ಸಂಕೋಚದಲ್ಲಿ ಕೊಡದೆಯೇ ಎತ್ತಿಕೊಂಡು ಬಂದಿದ್ದೆ. ಆ ದಿನದಷ್ಟು ದಣಿವು ನನಗೆ ಯಾವತ್ತೂ ಆಗಿಲ್ಲ.

ಮುಂದಿನ ಸಭೆಯಲ್ಲಿ ಏಳು ದಿನದ ನಿಯಮ ತೆಗೆಯೋಣ ಎಂದೆ. ಯಾರೂ ಒಪ್ಪಲಿಲ್ಲ. "ನೀವ ಮಾಡ್ಸಿದ್ದಲ್ಲರಿ ಅಕ್ಕಾರ? ಮತ್ತ ಬಸ್ಸಿನ ಪುಟದಾಗ ಯಾರರ ಮಕ್ಕೊಂಡ್ರ?" ಎಂದರು. ನಾನು ಹೇಳಿಕೊಟ್ಟ ವಾದವನ್ನೇ ನನಗೆ ತಿರುಗಿಸಿ ಹೇಳಿದರು, ಅದೂ ನನಗಿಂತ ಚೆನ್ನಾಗಿ. ಮಾಸ್ತರರನ್ನು ಕೇಳಿದರೆ, ಒಂದು ಪುಟಕ್ಕೆ ಮಾತ್ರ ಬೇರೆ ನಿಯಮ ಮಾಡಲು ಬರುವುದಿಲ್ಲ ಎಂದರು. ಏಳು ದಿನ ಎಂದರೆ ಎಲ್ಲರಿಗೂ ಏಳು ದಿನ.

ಹಾಗಿದ್ದರೆ ಆಗಲಿ ಎಂದು ಆ ಪುಟಕ್ಕೆ ಹಳದಿ ಬೋರ್ಡು ನಾನೇ ಹಾಕಿದೆ. ಕಾರಣದ ಜಾಗದಲ್ಲಿ, "ಬರೆದವರು ಹೊಲದಲ್ಲಿದ್ದಾರೆ. ಯಾರೂ ಮುಟ್ಟಬಾರದು" ಎಂದು ಬರೆದೆ. ಮುಂದಿನ ಸೋಮವಾರ ಅದು ಬೀಳುವ ಮೊದಲೇ ಮತ್ತೆ ಹಾಕಿದೆ. ಅದರ ಮುಂದಿನ ಸೋಮವಾರ ಮತ್ತೆ. ಕ್ರಾಸಿಂಗ್ ಹಂಗಾಮು ಮುಗಿಯಿತು, ಬೀಜ ತೆಗೆದದ್ದೂ ಆಯಿತು, ಹಬ್ಬಗಳು ಬಂದು ಹೋದವು, ಮತ್ತೆ ಸಸಿ ಮಡಿ ಮಾಡುವ ಕಾಲ ಬಂತು. ಪುಟದಲ್ಲಿ ಒಂಬತ್ತೇ ಸಾಲು. ಸೋಮವಾರದ ಕೆಲಸಗಳಲ್ಲಿ ಮೊದಲನೆಯದು ಅದಾಯಿತು. ಸಭೆಯಲ್ಲಿ ಒಬ್ಬರು, ಅಕ್ಕಾರು ತಮ್ಮ ನಿಯಮ ತಾವೇ ಮುರಿಯುತ್ತಿದ್ದಾರೆ ಎಂದು ಚುಚ್ಚಿದರು. ಏಳು ದಿನಕ್ಕೊಮ್ಮೆ ಹಾಕಬಾರದು ಎಂದು ನಿಯಮದಲ್ಲಿಲ್ಲ ಎಂದೆ. ಆದರೆ ಖರೆ ಹೇಳಬೇಕೆಂದರೆ, ನಂಬಿಕೆ ಎಂದೋ ಹೋಗಿತ್ತು. ಇದು ಹಟವೋ ಪ್ರಾಯಶ್ಚಿತ್ತವೋ ನನಗೇ ಗೊತ್ತಿರಲಿಲ್ಲ. ಯಾರೂ ಬರದ ಮನೆಗೆ ದಿನಾ ಕಸ ಹೊಡೆದಂತೆ ಹೊಡೆಯುತ್ತಿದ್ದೆ.

ಈ ವರ್ಷ ಬಲಗಣ್ಣಿಗೆ ಪೊರೆ ಬಂತು. ಆಪರೇಷನ್ ಆಯಿತು. ಎರಡು ವಾರ ಕಂಪ್ಯೂಟರೂ ಇಲ್ಲ, ಫೋನೂ ಇಲ್ಲ ಎಂದು ಡಾಕ್ಟರು ಖಡಾಖಂಡಿತ ಹೇಳಿದರು. ಕಣ್ಣಿಗೆ ನೀರು ತಾಗಬಾರದು, ಅಳಬಾರದು, ಉಜ್ಜಬಾರದು. ಕಪ್ಪು ಕನ್ನಡಕ ಹಾಕಿಕೊಂಡು ಪಡಸಾಲೆಯಲ್ಲಿ ಕೂತೆ. ಉಳಿದ ಪುಟಗಳ ಚಿಂತೆ ಬರಲಿಲ್ಲ, ಅಜ್ಜಂದಿರು ಬೇಕಾದಷ್ಟು ಜಗಳವಾಡಿಕೊಳ್ಳಲಿ ಎಂದುಕೊಂಡೆ. ಆ ಒಂದು ಪುಟ ಮಾತ್ರ ಕಾಡಿತು. ಸೋಮವಾರ ಬಂದಾಗ ಯಜಮಾನರಿಗೆ ಹೇಳಿ ಮಾಡಿಸಲು ನೋಡಿದೆ. ಅವರು ಎಲ್ಲೆಲ್ಲೋ ಒತ್ತಿ, ಕಂಪ್ಯೂಟರನ್ನೇ ಬಂದ್ ಮಾಡಿ, "ನಿನ್ನ ಬೋರ್ಡ್ ನೀನ ಹಾಕ್ಕೊ ಮಾರಾಯ್ತಿ," ಎಂದು ಎದ್ದುಹೋದರು. ಮಾಸ್ತರರಿಗೆ ಫೋನ್ ಮಾಡಿಸಬಹುದಿತ್ತು. ಇಷ್ಟು ದಿನ ಹಾಕಿದ್ದೇ ಜನರ ನಗೆಪಾಟಲಿಗೆ ಕಾರಣವಾಗಿತ್ತು, ಇನ್ನು ಅವರನ್ನೂ ಎಳೆಯುವುದೇಕೆ ಎನಿಸಿ ಸುಮ್ಮನಾದೆ. ಬೀಳಲಿ, ಸಾಕು, ನನ್ನ ಕೈಲಿ ಆಗುವುದಿಲ್ಲ ಎಂದು ಬಾಯಿಬಿಟ್ಟು ಹೇಳಿಕೊಂಡೆ. ಹೇಳಿದ ಮೇಲೆ ಹಗುರಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ. ನನ್ನಂಥವಳೇ ಇನ್ನೊಬ್ಬಳು ಅಚ್ಚುಕಟ್ಟಿನವಳು ಎಲ್ಲೋ ಕಸಬರಿಗೆ ಹಿಡಿದು ಕೂತಿರುತ್ತಾಳೆ, ಬೋರ್ಡಿಲ್ಲದ ಒಂಬತ್ತು ಸಾಲು ಅವಳ ಕಣ್ಣಿಗೆ ಬೀಳುತ್ತದೆ ಎಂದೇ ಅನಿಸುತ್ತಿತ್ತು.

ಎರಡು ವಾರ ತುಂಬಿದ ದಿನ ಕಪ್ಪು ಕನ್ನಡಕದಲ್ಲೇ ಕೂತು ಮೊದಲು ಆ ಪುಟ ತೆಗೆದೆ. ನೆತ್ತಿಯ ಮೇಲೆ ಹಳದಿ ಬೋರ್ಡು ಇತ್ತು.

ಮಾಸ್ತರರು ಹಾಕಿರಬೇಕು ಎಂದುಕೊಂಡು ದಾಖಲೆ ತೆರೆದೆ. ನನ್ನ ಹೆಸರು, ನನ್ನ ಹೆಸರು, ನನ್ನ ಹೆಸರು ಎಂದು ವರ್ಷವಿಡೀ ಒಂದೇ ಸಾಲಾಗಿ ಬಂದಿತ್ತು. ಅದರ ಮೇಲೆ, ಎರಡು ಸಲ, ಆಕೆಯ ಹೆಸರು. ಮೊದಲ ಸಲ ನಾನು ತಪ್ಪಿಸಿದ ಸೋಮವಾರವೇ, ಬೋರ್ಡು ಬೀಳುವ ಮೊದಲು ಹಾಕಿದ್ದಳು; ಎರಡನೆಯ ಸಲ ಆರನೆಯ ದಿನವೇ, ಏಳಕ್ಕೆ ಬಿಟ್ಟಿರಲಿಲ್ಲ. ಎಂದರೆ ಆ ಪುಟವನ್ನು ಆಕೆ ನೋಡುತ್ತಲೇ ಇದ್ದಳು. ಅಷ್ಟೂ ಸೋಮವಾರ ನಾನು ಬಂದು ಹಾಕಿ ಹೋಗುವುದನ್ನು ನೋಡುತ್ತಲೇ ಇದ್ದಳು.

ಸಾಲುಗಳನ್ನು ಎಣಿಸಿದೆ. ಒಂಬತ್ತೇ ಇದ್ದವು. ಕಾರಣ ಬರೆಯುವ ಜಾಗದಲ್ಲಿ ಆಕೆ ಹೀಗೆ ಬರೆದಿದ್ದಳು: "ಅಕ್ಕಾರು ಈ ವಾರ ಬಂದಿಲ್ಲ. ಆರಾಮ ಇಲ್ಲೇನೋ. ದಾರಾ ನಾನ ಕಟ್ಟೇನಿ."

ಕಣ್ಣಿಗೆ ನೀರು ತಾಗಬಾರದು ಎಂದಿದ್ದರು ಡಾಕ್ಟರು. ಆ ದಿನ ಅವರ ಮಾತು ನಡೆಸಲು ಆಗಲಿಲ್ಲ.